ಮೂರು ಎಣಿಕೆಯ ದೂರ: ಕೊರೊನಾ ಕಾಲದಲ್ಲಿ ಗುಂಪಾಗಿ ಸೈಕಲ್ ತುಳಿಯಬಹುದಾ?

ಪ್ರಶ್ನೆ (ಸೆಪ್ಟೆಂಬರ್ 2020): ನಾವು ವಿರಾಜಪೇಟೆಯ ಎಂಟು ಜನ ಗೆಳೆಯರು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಟ್ಟಿಗೆ ಸೈಕಲ್ ತುಳಿಯುತ್ತಿದ್ದೆವು. ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂತ ನಿಲ್ಲಿಸಿದ್ದು, ಆಮೇಲೆ ಮಳೆಗಾಲ ಬಂತು. ಈಗ ಕೈಲ್‌ಮುಹೂರ್ತ ಹಬ್ಬ ಮುಗಿದು ಬಿಸಿಲು ಕಾಣುತ್ತಿದೆ, ಮತ್ತೆ ಶುರು ಮಾಡೋಣ ಅಂತ ಎಲ್ಲರಿಗೂ ಆಸೆ. ಆದರೆ ಮಾಸ್ಕ್ ಹಾಕಿಕೊಂಡು ಏರು ಹತ್ತಿದರೆ ಉಸಿರು ಕಟ್ಟುತ್ತದೆ, ಹಾಕದಿದ್ದರೆ ಮನೆಯಲ್ಲಿ ಬೈಯುತ್ತಾರೆ. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಂದಿರು ಇದ್ದಾರೆ. ಒಬ್ಬನಿಗೆ ಆಗಸ್ಟ್‌ನಲ್ಲಿ ಕೊರೊನಾ ಬಂದು ವಾಸಿಯಾಗಿದೆ. ಎಷ್ಟು ದೂರ ಬಿಟ್ಟು ಹೋಗಬೇಕು? ಮಾಸ್ಕ್ ಬೇಕಾ? ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಸೈಕಲ್‌ನಲ್ಲಿ ಹೋಗಬಹುದಾ?

ಉತ್ತರ: ಹೋಗಿ. ಆರು ತಿಂಗಳು ಮನೆಯಲ್ಲಿ ಕೂತ ದೇಹಕ್ಕೂ ಮನಸ್ಸಿಗೂ ಸೈಕಲ್ ಬೇಕು. ಆದರೆ ಎಂಟು ಜನ ಒಟ್ಟಿಗೆ ಬೇಡ. ಮತ್ತೆ ದಾರಿಯಲ್ಲಿ ಕಾಫಿಗೆ ನಿಲ್ಲುವುದು ಬೇಡವೇ ಬೇಡ.

ನಾನು ವೈದ್ಯ, ಹದಿನೈದು ವರ್ಷದಿಂದ ಇದೇ ಕೊಡಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತಿರುವವನು. ನಿಮ್ಮ ಪ್ರಶ್ನೆಯಲ್ಲಿ ದೂರದ ಬಗ್ಗೆ ಇದೆ, ಮಾಸ್ಕ್ ಬಗ್ಗೆ ಇದೆ, ಕಾಫಿಯ ಬಗ್ಗೆ ಒಂದು ಮಾತೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಗುಂಪು ಎಡವಿದ್ದು ಅಲ್ಲೇ.

ಆಗಸ್ಟ್ ಕೊನೆಯ ಭಾನುವಾರ ನಾವು ಆರು ಜನ ಮಡಿಕೇರಿಯಿಂದ ಮೇಕೇರಿ ದಾಟಿ ಮೂರ್ನಾಡಿನ ಕಡೆ ಇಳಿದಿದ್ದೆವು. ರಸ್ತೆಯಲ್ಲಿ ಎಲ್ಲವೂ ಸರಿಯಾಗಿತ್ತು. ಒಬ್ಬರ ಹಿಂದೆ ಒಬ್ಬರು, ಸಾಕಷ್ಟು ದೂರ ಬಿಟ್ಟು. ವಾಪಸು ಬರುವಾಗ ಮಳೆ ಹಿಡಿಯಿತು. ರಸ್ತೆ ಬದಿಯ ಒಂದು ಸಣ್ಣ ಕ್ಯಾಂಟೀನಿನ ಮಾಡಿನ ಕೆಳಗೆ ನುಗ್ಗಿದೆವು. ಮಾಡು ಅಂದರೆ ಎಷ್ಟು, ಎರಡು ಬೆಂಚು ಹಿಡಿಯುವಷ್ಟು. ಮೂರು ಕಡೆ ಟಾರ್ಪಾಲ್ ಇಳಿಬಿಟ್ಟಿದ್ದರು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಕ್ಕದವನ ಮಾತು ಕೇಳಿಸುತ್ತಿರಲಿಲ್ಲ, ಹಾಗಾಗಿ ಒಬ್ಬರ ಕಿವಿಯ ಹತ್ತಿರ ಇನ್ನೊಬ್ಬರು ಬಾಗಿ ಜೋರಾಗಿ ಮಾತಾಡಿದೆವು. ನೆನೆದ ಮಾಸ್ಕ್ ಎಲ್ಲರದ್ದೂ ಗದ್ದಕ್ಕೆ ಇಳಿದಿತ್ತು. ಬಿಸಿ ಕಾಫಿ, ಒಂದೇ ತಟ್ಟೆಯಿಂದ ಪಕೋಡ, ಐದಾರು ತಿಂಗಳ ಸುದ್ದಿ. ಇಪ್ಪತ್ತೈದು ನಿಮಿಷ ಕಳೆದದ್ದೇ ಗೊತ್ತಾಗಲಿಲ್ಲ.

ಮಂಗಳವಾರ ನಮ್ಮಲ್ಲಿ ಒಬ್ಬರಿಗೆ ಜ್ವರ ಬಂತು, ಟೆಸ್ಟ್ ಪಾಸಿಟಿವ್. ಭಾನುವಾರದ ಒಳಗೆ ಇನ್ನಿಬ್ಬರಿಗೆ. ಅವರಲ್ಲಿ ಒಬ್ಬರ ತಾಯಿ ಒಂಬತ್ತು ದಿನ ಆಕ್ಸಿಜನ್ ಮೇಲೆ ಇದ್ದು ಮೊನ್ನೆ ಮನೆಗೆ ಬಂದರು. ಆ ಒಂಬತ್ತು ದಿನ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ನಾನು ವೈದ್ಯನಾಗಿದ್ದೂ ಆ ಮಾಡಿನ ಕೆಳಗೆ ನಿಂತೆ, ಬೇರೆಯವರನ್ನೂ ನಿಲ್ಲಿಸಿದೆ ಅನ್ನುವುದು ಈಗಲೂ ಚುಚ್ಚುತ್ತದೆ. ರೈಡಿಗೆ ಹೋದ ಭಾನುವಾರ, ಮೊದಲು ಜ್ವರ ಬಂದ ಆ ಗೆಳೆಯರಿಗೆ ಕೆಮ್ಮು ಇರಲಿಲ್ಲ, ನೆಗಡಿ ಇರಲಿಲ್ಲ, ಏರಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಅವರೇ. ಈ ಸೋಂಕಿನ ಗುಣವೇ ಹಾಗೆ. ಲಕ್ಷಣ ಕಾಣಿಸುವ ಎರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಹೊರಡುವ ಮೊದಲು ಎಲ್ಲರ ಹಣೆಗೆ ಥರ್ಮಾಮೀಟರ್ ಹಿಡಿದರೆ ಸಾಕು ಅಂತ ನಂಬಿ ಕೂರಬೇಡಿ.

ಬಯಲಿನಲ್ಲಿ ಉಸಿರು ಬೇಗ ಚದುರಿ ಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಅದು ನಿಲ್ಲುತ್ತದೆ, ಅಲ್ಲಿರುವವರೆಲ್ಲ ಅದನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಾರೆ. ಹಾಗಾಗಿ ಮೂರು ಗಂಟೆ ಸೈಕಲ್ ಮೇಲೆ ಇರುವುದಕ್ಕಿಂತ ಕಾಲು ಗಂಟೆ ಮಾಡಿನ ಕೆಳಗೆ ಒತ್ತಿಕೊಂಡು ನಿಲ್ಲುವುದು ಜಾಸ್ತಿ ಅಪಾಯ. ಸೈಕಲ್‌ಗಳನ್ನು ಒಂದೇ ಪಿಕಪ್‌ಗೆ ಹಾಕಿಕೊಂಡು, ನಾಲ್ಕು ಜನ ಒಂದೇ ಕಾರಿನಲ್ಲಿ ಗ್ಲಾಸ್ ಏರಿಸಿಕೊಂಡು ಕುಶಾಲನಗರದವರೆಗೆ ಹೋಗಿ ಅಲ್ಲಿಂದ ರೈಡ್ ಶುರು ಮಾಡುವ ಅಭ್ಯಾಸ ನಿಮಗೂ ಇದ್ದರೆ ಈ ವರ್ಷಕ್ಕೆ ಅದನ್ನು ಬಿಟ್ಟುಬಿಡಿ. ನಿಮ್ಮ ಗೇಟಿನಿಂದ ಹೊರಟು ನಿಮ್ಮ ಗೇಟಿಗೆ ವಾಪಸು ಬನ್ನಿ. ಕಾಫಿ ಬೇಕೇ ಬೇಕಾದರೆ ಅವರವರ ಫ್ಲಾಸ್ಕ್, ಅವರವರ ಲೋಟ, ರಸ್ತೆ ಅಗಲವಾಗಿರುವ ಕಡೆ ದೂರ ದೂರ ನಿಂತು ಕುಡಿಯಿರಿ. ಮಳೆ ಬಂದರೆ ನೆನೆಯಿರಿ. ರೈನ್‌ಕೋಟ್ ಜೇಬಿನಲ್ಲಿರಲಿ.

ಈಗ ದೂರದ ವಿಷಯ.

ಏಪ್ರಿಲ್‌ನಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನ ಕೆಲವು ಎಂಜಿನಿಯರ್‌ಗಳು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಒಂದು ಚಿತ್ರ ಬಿಟ್ಟಿದ್ದರು, ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮುಂದೆ ಹೋಗುವವನ ಬಾಯಿಂದ ಬಂದ ಹನಿಗಳು ಅವನ ಬೆನ್ನ ಹಿಂದಿನ ಗಾಳಿಯಲ್ಲಿ ಉದ್ದಕ್ಕೆ ತೇಲಿಕೊಂಡು ಬರುತ್ತವೆ, ಹಾಗಾಗಿ ಓಡುವವರು ಮತ್ತು ನಿಧಾನವಾಗಿ ಸೈಕಲ್ ತುಳಿಯುವವರು 10 ಮೀಟರ್, ಜೋರಾಗಿ ತುಳಿಯುವವರು 20 ಮೀಟರ್ ಬಿಡಬೇಕು ಅಂತ ಅದರ ಸಾರ. ಅದಕ್ಕೆ ಬಹಳ ಟೀಕೆಯೂ ಬಂತು, ಯಾಕೆಂದರೆ ಅವರು ಲೆಕ್ಕ ಹಾಕಿದ್ದು ಹನಿ ಎಲ್ಲಿಯವರೆಗೆ ಹೋಗುತ್ತದೆ ಅಂತ ಮಾತ್ರ, ಅಷ್ಟು ಹನಿಯಿಂದ ರೋಗ ಬರುತ್ತದಾ ಅಂತ ಅಲ್ಲ. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಅದು ಊರೆಲ್ಲ ಹರಿದಾಡಿತ್ತು. ಆದರೂ ಮೂಲ ಮಾತು ಸರಿ. ಸಾಲಿನಲ್ಲಿ ನಿಂತಾಗ ಇಡುವ ಒಂದೆರಡು ಮೀಟರ್ ಲೆಕ್ಕ ಚಲಿಸುವ ಸೈಕಲ್‌ಗೆ ಸಾಲದು.

ಆದರೆ ರಸ್ತೆಯಲ್ಲಿ ಮೀಟರ್ ಅಳೆಯಲು ಯಾರಿಂದ ಆಗುತ್ತದೆ? ನಾವು ಮಾಡಿಕೊಂಡ ಉಪಾಯ ಇದು. ಮುಂದಿನವನು ಒಂದು ಕರೆಂಟ್ ಕಂಬ ದಾಟಿದಾಗ ಮನಸ್ಸಿನಲ್ಲಿ ಎಣಿಸಲು ಶುರು ಮಾಡಿ. ಒಂದು, ಎರಡು, ಮೂರು, ಗಡಿಬಿಡಿ ಇಲ್ಲದೆ, ಒಂದೊಂದಕ್ಕೆ ಒಂದು ಸೆಕೆಂಡ್. ಮೂರು ಮುಗಿಯುವ ಮೊದಲೇ ನೀವು ಆ ಕಂಬ ದಾಟಿದರೆ ಜಾಸ್ತಿ ಹತ್ತಿರ ಇದ್ದೀರಿ ಅಂತ ಅರ್ಥ. ಇದರ ಅನುಕೂಲ ಏನೆಂದರೆ ವೇಗ ಏರಿದ ಹಾಗೆ ದೂರವೂ ತಾನಾಗಿ ಏರುತ್ತದೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಏರು ಹತ್ತುವಾಗ ಮೂರು ಸೆಕೆಂಡ್ ಅಂದರೆ 10 ಮೀಟರ್. ಸಮತಟ್ಟಿನಲ್ಲಿ 30ರಲ್ಲಿ ಹೋಗುವಾಗ 25 ಮೀಟರ್. ಇಳಿಜಾರಿನಲ್ಲಿ ಐದು ಎಣಿಸಿ, ಅದು ಕೊರೊನಾಗಿಂತ ಜಾಸ್ತಿ ಬ್ರೇಕ್‌ಗೋಸ್ಕರ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಅಷ್ಟು ದೂರ ಬಿಟ್ಟರೆ ಗುಂಪಾಗಿ ಹೋಗಿ ಏನು ಪ್ರಯೋಜನ ಸಾರ್, ಮುಂದಿನವನ ಮರೆ ಸಿಗಲ್ಲ" ಅಂತ ನಮ್ಮ ಗುಂಪಿನ ಹುಡುಗರೂ ಕೇಳಿದರು. ಮೈಸೂರು ರಸ್ತೆಯಲ್ಲಿ ತುಳಿಯುವವರಿಗೆ ಅದು ದೊಡ್ಡ ನಷ್ಟವೇ. ಸಮತಟ್ಟಿನಲ್ಲಿ 30 ದಾಟಿದ ಮೇಲೆ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ, ಅಲ್ಲಿ ಮುಂದಿನವನ ಚಕ್ರಕ್ಕೆ ಅಂಟಿಕೊಂಡವನಿಗೆ ಒಳ್ಳೆಯ ಉಳಿತಾಯ. ಆದರೆ ನಮ್ಮ ಕೊಡಗಿನಲ್ಲಿ ಅಂಥ ಸಮತಟ್ಟು ಎಲ್ಲಿದೆ? ಬೇತ್ರಿ ಸೇತುವೆಯಿಂದ ಮಡಿಕೇರಿಗೆ ಹತ್ತುವಾಗ ನಾವು ಹೋರಾಡುವುದು ಗಾಳಿಯ ಜೊತೆ ಅಲ್ಲ, ನಮ್ಮದೇ ತೂಕದ ಜೊತೆ. ಹತ್ತು ಹನ್ನೆರಡರ ವೇಗದಲ್ಲಿ ಮುಂದಿನವನ ಮರೆ ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ. ಹಾಗಾಗಿ ಇಲ್ಲಿ ದೂರ ಬಿಟ್ಟರೆ ಕಳೆದುಕೊಳ್ಳುವುದು ಬಹಳ ಕಮ್ಮಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ಎಲ್ಲರೂ ಸಮತಟ್ಟಿನಲ್ಲಿ ದೂರ ಇರುತ್ತಾರೆ, ಏರಿನಲ್ಲಿ ಒಟ್ಟಾಗುತ್ತಾರೆ. ವೇಗ ಇಳಿದ ತಕ್ಷಣ ಗುಂಪು ಮುದುಡಿಕೊಳ್ಳುತ್ತದೆ, ಪಕ್ಕ ಪಕ್ಕ ಬರುತ್ತಾರೆ, ಮಾತು ಶುರುವಾಗುತ್ತದೆ. ಅಪಾಯ ಇರುವುದು ಅಲ್ಲೇ. ಸುಮ್ನೆ ಕುಳಿತಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಉಸಿರಾಡುತ್ತೇವೆ. ಕಡಿದಾದ ಏರಿನಲ್ಲಿ ಏದುಸಿರು ಬಿಡುವಾಗ ಅದು 100 ಲೀಟರ್ ದಾಟುತ್ತದೆ. ಇಷ್ಟು ಉಸಿರು ಹೊರಗೆ ಬರುತ್ತಿರುವಾಗ ನಮ್ಮ ವೇಗ ಕಮ್ಮಿ, ಎರಡೂ ಕಡೆ ಮರ ಮತ್ತು ದಿಬ್ಬ, ಗಾಳಿ ಅಲ್ಲಾಡುವುದಿಲ್ಲ. ಅದಕ್ಕೇ ಹೇಳುವುದು, ಎಣಿಕೆ ತಪ್ಪಿಸಬಾರದ ಜಾಗ ಅಂದರೆ ಏರು. ಯಾರಿಗಾದರೂ ಮುಂದೆ ಹೋಗಬೇಕಾದರೆ ಬೆಲ್ ಹೊಡೆದು ಬಲಕ್ಕೆ ಸರಿದು ಸರಕ್ಕನೆ ದಾಟಿ ಹೋಗಲಿ. ಪಕ್ಕದಲ್ಲಿ ನಿಂತು ಕ್ಷೇಮ ಸಮಾಚಾರ ಕೇಳುವುದು ಬೇಡ.

ಮಾಸ್ಕ್ ಬಗ್ಗೆ ನಿಮಗೆ ಗೊಂದಲ ಆಗಿದ್ದು ಸಹಜ, ಯಾಕೆಂದರೆ ಎರಡು ಕಡೆಯಿಂದ ಎರಡು ಮಾತು ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಜೂನ್‌ನಲ್ಲೇ ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ, ದೂರ ಇಡಿ ಅಂತ ಹೇಳಿತು. ಬೆವರಿಗೆ ಮಾಸ್ಕ್ ಬೇಗ ಒದ್ದೆಯಾಗುತ್ತದೆ, ಒದ್ದೆಯಾದ ಮಾಸ್ಕ್‌ನಲ್ಲಿ ಉಸಿರಾಡಲು ಕಷ್ಟ. ನಮ್ಮ ಕೇಂದ್ರ ಆರೋಗ್ಯ ಕಾರ್ಯದರ್ಶಿಯಾಗಿದ್ದ ರಾಜೇಶ್ ಭೂಷಣ್ 2020ರ ಸೆಪ್ಟೆಂಬರ್ 3ರಂದು ಹೇಳಿದ್ದು ಬೇರೆ. ಒಬ್ಬರೇ ಸೈಕಲ್ ತುಳಿಯುತ್ತಿದ್ದರೆ ಮಾಸ್ಕ್ ಹಾಕಬೇಕು ಅಂತ ಸಚಿವಾಲಯದ ಸೂಚನೆ ಏನೂ ಇಲ್ಲ, ಆದರೆ ಇಬ್ಬರು ಮೂವರು ಒಟ್ಟಿಗೆ ಹೋಗುವುದಾದರೆ ಮಾಸ್ಕ್ ಹಾಕಿ ಅಂತರ ಇಡಬೇಕು ಅಂತ. ನನ್ನ ಕಣ್ಣಿಗೆ ಈ ಎರಡೂ ಮಾತಿನಲ್ಲಿ ಜಗಳ ಇಲ್ಲ. ಹತ್ತಿರ ಬಂದರೆ ಮಾಸ್ಕ್ ಬೇಕು, ನಿಜಕ್ಕೂ ಒಬ್ಬಂಟಿಯಷ್ಟು ದೂರ ಇದ್ದರೆ ಅದರ ಅಗತ್ಯ ಬೀಳುವುದಿಲ್ಲ.

ಹಾಗಾದರೆ ಹೇಗೆ? ಮನೆಯಿಂದ ಹೊರಡುವಾಗ ಮಾಸ್ಕ್ ಹಾಕಿಕೊಳ್ಳಿ. ಪೇಟೆ ದಾಟಿ ಎಲ್ಲರೂ ದೂರ ಬಿಟ್ಟ ಮೇಲೆ, ಏರು ಶುರುವಾದಾಗ, ಕೆಳಗಿಳಿಸಿ. ಯಾರಾದರೂ ಹತ್ತಿರ ಬರುವುದು ಕಂಡರೆ, ಮೂರ್ನಾಡಿನಂಥ ಪೇಟೆ ಬಂದರೆ, ಪಂಕ್ಚರ್ ಆಗಿ ನಿಂತರೆ, ಮತ್ತೆ ಏರಿಸಿ. ಮೂಗು ಮುಚ್ಚಬೇಕು, ನೆನಪಿರಲಿ. ಒಂದು ಒಣಗಿದ ಮಾಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೆರ್ಸಿಯ ಹಿಂದಿನ ಜೇಬಿನಲ್ಲಿ ಇಟ್ಟಿರಿ. ಕುತ್ತಿಗೆಗೆ ಸುತ್ತುವ ತೆಳು ಬಟ್ಟೆಯನ್ನು ಮೂಗಿಗೆ ಎಳೆದುಕೊಂಡು ಮಾಸ್ಕ್ ಅಂತ ಅಂದುಕೊಳ್ಳಬೇಡಿ, ಅದು ಧೂಳಿಗೆ ಪರವಾಗಿಲ್ಲ ಅಷ್ಟೇ. ಮಾಸ್ಕ್ ಹಾಕಿ ಏರು ಹತ್ತುವಾಗ ತಲೆ ಸುತ್ತಿದರೆ, ಎದೆ ಹಿಡಿದರೆ, ಹಟ ಮಾಡದೆ ಇಳಿದು ಬದಿಗೆ ನಿಂತು ಮಾಸ್ಕ್ ತೆಗೆದು ಉಸಿರಾಡಿ. ಆರು ತಿಂಗಳು ಬಿಟ್ಟ ದೇಹ ಮಾರ್ಚ್‌ನ ದೇಹ ಅಲ್ಲ. ಮೊದಲ ಮೂರು ವಾರ ನೀವು ಆಗ ಹೋಗುತ್ತಿದ್ದುದರ ಅರ್ಧ ದೂರ ಸಾಕು.

ಸೈಕಲ್‌ನವರ ಒಂದು ಅಭ್ಯಾಸ ಇದೆ, ಎಲ್ಲರಿಗೂ ಗೊತ್ತಿರುವುದೇ. ಚಳಿಗೆ ಮೂಗು ಸೋರುತ್ತದೆ, ಒಂದು ಹೊಳ್ಳೆ ಒತ್ತಿ ಹಿಡಿದು ರಸ್ತೆಗೆ ಸೀಟುತ್ತೇವೆ. ಬೇಡ. ಉಗಿಯುವುದೂ ಬೇಡ. ಗ್ಲೌಸಿನ ಹಿಂಬದಿಗೆ ಒರೆಸಿಕೊಳ್ಳಿ, ಇಲ್ಲ ಕರ್ಚೀಫ್ ಇಟ್ಟುಕೊಳ್ಳಿ, ತೀರಾ ಆಗದಿದ್ದರೆ ಸಾಲಿನ ಕೊನೆಗೆ ಹೋಗಿ ನಿಂತು ಮೂಗು ಸೀಟಿ. "ಗುಂಡಿ!", "ಹಿಂದೆ ಬಸ್ಸು!" ಅಂತ ಕೂಗುವ ಬದಲು ಕೈ ಸನ್ನೆ ಮಾಡಿ. ನೀರಿನ ಬಾಟಲ್ ಹಂಚಿಕೊಳ್ಳಬೇಡಿ. ತೋಟದ ಗೇಟಿನ ಹತ್ತಿರ ನಿಂತು ತೋಟದ ಕೆಲಸಗಾರರ ಲೈನ್ ಮನೆಯವರ ಹತ್ತಿರ ನೀರು ಕೇಳುವ ರೂಢಿ ನಮಗೆಲ್ಲ ಇದೆ, ಅವರು ಪ್ರೀತಿಯಿಂದ ಕೊಡುತ್ತಾರೆ ಕೂಡ, ಆದರೆ ಅಲ್ಲಿ ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗುತ್ತಾರೆ. ನಮ್ಮಿಂದ ಒಬ್ಬರಿಗೆ ದಾಟಿದರೆ ಸಾಲಿನ ಎಲ್ಲ ಮನೆಗೂ ಹೋಗುತ್ತದೆ. ಎರಡು ಬಾಟಲ್ ತುಂಬಿಸಿಕೊಂಡೇ ಹೊರಡಿ.

ಎಂಟು ಜನರನ್ನು ನಾಲ್ಕು ನಾಲ್ಕಾಗಿ ಒಡೆಯಿರಿ. ಯಾವಾಗಲೂ ಅದೇ ನಾಲ್ಕು ಜನ. ಈ ವಾರ ಆ ಗುಂಪು, ಮುಂದಿನ ವಾರ ಈ ಗುಂಪು ಅಂತ ಅದಲು ಬದಲು ಮಾಡಿದರೆ ಒಡೆದದ್ದೇ ದಂಡ. ಒಂದು ಗುಂಪು ಆರೂವರೆಗೆ ಗೋಣಿಕೊಪ್ಪ ಕಡೆ ಹೋದರೆ, ಇನ್ನೊಂದು ಏಳಕ್ಕೆ ಮೂರ್ನಾಡಿನ ಕಡೆ ಹೋಗಲಿ. ವಯಸ್ಸಾದ ತಾಯಂದಿರು ಇರುವ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ, ಆ ಗುಂಪು ಎಲ್ಲದರಲ್ಲೂ ಒಂದು ಕೈ ಜಾಸ್ತಿ ಎಚ್ಚರ ವಹಿಸಲಿ. ಅಂಗಡಿ, ಬ್ಯಾಂಕು ಅಂತ ದಿನಾ ನೂರು ಜನರ ಮುಖ ನೋಡುವ ಕೆಲಸದವರು ಆ ಗುಂಪಿನಲ್ಲಿ ಇಲ್ಲದಿದ್ದರೆ ಒಳ್ಳೆಯದು. ಇದನ್ನು ಬಾಯಿಬಿಟ್ಟು ಮಾತಾಡಿ, ಯಾರೂ ಬೇಜಾರು ಮಾಡಿಕೊಳ್ಳಬಾರದು. ಯಾರಿಗಾದರೂ ಮೈ ಬಿಸಿ ಆದರೆ, ಗಂಟಲು ಕೆರೆದರೆ, ವಾಸನೆ ತಿಳಿಯದಿದ್ದರೆ ಅದೇ ದಿನ ಉಳಿದ ಮೂವರಿಗೆ ಫೋನ್ ಮಾಡಬೇಕು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. 2020ರ ಸೆಪ್ಟೆಂಬರ್ ಮಧ್ಯದಲ್ಲಿ ದೇಶದಲ್ಲಿ ಒಂದೇ ದಿನಕ್ಕೆ 97 ಸಾವಿರಕ್ಕಿಂತ ಜಾಸ್ತಿ ಹೊಸ ಕೇಸ್ ಬಂದಿವೆ. ನಮ್ಮ ಗೆಳೆಯರು ಮಂಗಳವಾರ ಸಂಜೆಯೇ ಫೋನ್ ಮಾಡಿದ್ದರಿಂದ ನಾವು ಐದೂ ಜನ ಬೇರೆ ಕೋಣೆಗೆ ಹೋದೆವು, ಮೂರು ಮನೆಗಳಾದರೂ ಉಳಿದವು.

ಕೊರೊನಾ ಬಂದು ವಾಸಿಯಾದ ನಿಮ್ಮ ಗೆಳೆಯನ ವಿಷಯದಲ್ಲಿ ನನಗೆ ಬೇರೆ ಚಿಂತೆ ಇದೆ. ಅವನಿಂದ ನಿಮಗೆ ಹರಡುತ್ತದೆ ಅನ್ನುವ ಭಯ ಈಗ ಇಟ್ಟುಕೊಳ್ಳಬೇಡಿ, ಅವನನ್ನು ದೂರ ತಳ್ಳಬೇಡಿ. ನೋಡಬೇಕಾದದ್ದು ಅವನ ಹೃದಯ. ಯಾವುದೇ ವೈರಲ್ ಜ್ವರದ ಹಾಗೆ ಇದೂ ಹೃದಯದ ಸ್ನಾಯುವಿಗೆ ಊತ ತರಬಹುದು, ಆ ಸ್ಥಿತಿಯಲ್ಲಿ ಜೋರಾಗಿ ದಣಿದರೆ ಬಡಿತವೇ ಏರುಪೇರಾಗಿ ಜೀವಕ್ಕೆ ಕುತ್ತು ಬರಬಹುದು. ಲಕ್ಷಣಗಳೆಲ್ಲ ಹೋದ ಮೇಲೆ ಕಡೇಪಕ್ಷ ಎರಡು ವಾರ ದಣಿಯುವ ಕೆಲಸ ಬೇಡ. ಆಮೇಲೆ ನಡಿಗೆ, ಅದು ಸಲೀಸಾದ ಮೇಲೆ ಸಮತಟ್ಟಾದ ರಸ್ತೆಯಲ್ಲಿ ಅರ್ಧ ಗಂಟೆ ಸೈಕಲ್. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆಯಲ್ಲೇ ನಾಡಿ ಎಣಿಸಿಕೊಳ್ಳಲಿ. ಮೊದಲು 60 ಇದ್ದದ್ದು ಈಗ 75 ಇದೆ ಅಂದರೆ ದೇಹ ಇನ್ನೂ ಸಿದ್ಧ ಇಲ್ಲ. ಎದೆ ನೋವು, ಎದೆ ಬಡಿತ ಹಾರಿದ ಹಾಗೆ ಆಗುವುದು, ಎರಡು ಮೆಟ್ಟಿಲಿಗೆ ಏದುಸಿರು, ಇವುಗಳಲ್ಲಿ ಒಂದು ಇದ್ದರೂ ಸೈಕಲ್ ಮುಟ್ಟುವ ಮೊದಲು ಇಸಿಜಿ ಮಾಡಿಸಿ ವೈದ್ಯರಿಗೆ ತೋರಿಸಬೇಕು. ಆಸ್ಪತ್ರೆಗೆ ಸೇರಿದ್ದರೆ, ಲಕ್ಷಣ ಇರಲಿ ಬಿಡಲಿ, ತೋರಿಸಲೇಬೇಕು. ಅವನು ಗುಂಪಿನ ವೇಗಕ್ಕೆ ಹೊಂದಿಕೊಳ್ಳಲು ಹೋಗದಂತೆ ನೀವು ನೋಡಿಕೊಳ್ಳಿ.

ಇನ್ನು ಈ ಕಾಲದ ರಸ್ತೆ. ಬಿಸಿಲು ಬಂತು ಅಂತ ನಂಬಬೇಡಿ. ಮರದ ನೆರಳಿನಲ್ಲಿ ನಾಲ್ಕು ತಿಂಗಳು ಮಳೆ ಕುಡಿದ ಡಾಂಬರಿನ ಮೇಲೆ ಪಾಚಿ ಇದೆ. ನೋಡಲು ಬರೀ ಕಪ್ಪಗೆ ಒದ್ದೆಯಾದ ಹಾಗೆ ಕಾಣುತ್ತದೆ, ಕೈಯಿಂದ ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ತೋಟದ ದಾರಿ ರಸ್ತೆಗೆ ಸೇರುವಲ್ಲಿ ಜೀಪು, ಟ್ರ್ಯಾಕ್ಟರ್ ಚಕ್ರದ ಕೆಸರು ಬಿದ್ದಿರುತ್ತದೆ, ಅದು ಯಾವಾಗಲೂ ತಿರುವಿನಲ್ಲೇ ಇರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಇರುವ ಸೈಕಲ್ ಆದರೆ ಒದ್ದೆಯಲ್ಲಿ ಮೊದಲ ಒಂದೆರಡು ಸುತ್ತು ಪ್ಯಾಡ್ ಬರೀ ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಇಳಿಜಾರಿನಲ್ಲಿ ಐದು ಎಣಿಸಿ ಅಂದದ್ದು ಅದಕ್ಕೇ. ಟೈರಿನ ಗಾಳಿಯನ್ನು ಸ್ವಲ್ಪ ಕಮ್ಮಿ ಇಡಿ. ಆರು ತಿಂಗಳು ನಿಂತ ಸೈಕಲ್‌ನ ಬ್ರೇಕ್ ಪ್ಯಾಡ್, ಕೇಬಲ್, ಚೈನ್ ನೋಡದೆ ಹೊರಡಬೇಡಿ. ಬೆಳಿಗ್ಗೆ ಮಂಜು ಇರುತ್ತದೆ, ಹಿಂದಿನ ಕೆಂಪು ಲೈಟ್ ಉರಿಯುತ್ತಿರಲಿ. ಈಗ ಕೈ ಮುರಿದುಕೊಂಡು ಆಸ್ಪತ್ರೆಗೆ ಹೋಗುವ ಕಾಲ ಅಲ್ಲ. ಅಲ್ಲಿನ ಹಾಸಿಗೆ ಬೇರೆಯವರಿಗೆ ಬೇಕು, ಮತ್ತೆ ಸೋಂಕು ಹತ್ತಲು ಆಸ್ಪತ್ರೆಯ ವರಾಂಡಕ್ಕಿಂತ ಸುಲಭದ ಜಾಗ ಬೇರೆ ಇಲ್ಲ.

ಆನೆಯ ವಿಷಯದಲ್ಲಿ ನನ್ನ ಸಲಹೆಯೇ ತಲೆಕೆಳಗಾಗುತ್ತದೆ. ಕೊರೊನಾಗೆ ದೂರ ದೂರ ಹೋಗಬೇಕು, ಆನೆ ಇರುವ ಕಡೆ ಒಟ್ಟಿಗೆ ಹೋಗಬೇಕು. ಸೈಕಲ್ ಸದ್ದು ಮಾಡುವುದಿಲ್ಲ, ತಿರುವಿನಲ್ಲಿ ನೀವು ಹತ್ತಿರ ಬರುವ ತನಕ ಆನೆಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ರಾತ್ರಿ ತೋಟದಲ್ಲಿದ್ದ ಆನೆಗಳು ಬೆಳಗಿನ ಜಾವ ರಸ್ತೆ ದಾಟಿ ಕಾಡಿಗೆ ಹೋಗುತ್ತವೆ. ಹಾಗಾಗಿ ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ತಿತಿಮತಿ ಕಡೆಯ ರಸ್ತೆಗಳನ್ನು ಈ ಸೀಸನ್‌ಗೆ ಪಟ್ಟಿಯಿಂದಲೇ ತೆಗೆದುಬಿಡಿ. ನಿಮಗೆ ಹುದಿಕೇರಿ, ಶ್ರೀಮಂಗಲ ಕಡೆ ಗದ್ದೆ ಬಯಲಿನ ನಡುವೆ ಹೋಗುವ ಒಳ್ಳೆಯ ರಸ್ತೆ ಇದೆ. ಈಗ ಪೈರು ಹಸಿರಾಗಿ ನಿಂತಿದೆ, ಗಾಳಿಯೂ ಚೆನ್ನಾಗಿ ಆಡುತ್ತದೆ. ಆದರೆ ಅಲ್ಲಿಗೂ ಪೂರ್ತಿ ಬೆಳಕಾದ ಮೇಲೇ ಹೋಗಿ, ಹೊರಡುವ ಮೊದಲು ಆ ಕಡೆಯವರಿಗೆ ಒಂದು ಫೋನ್ ಮಾಡಿ ಕೇಳಿ.

ಮನೆಗೆ ಬಂದ ಮೇಲೆ ನೇರ ಬಚ್ಚಲಿಗೆ ಹೋಗಿ. ಬಟ್ಟೆ, ಮಾಸ್ಕ್, ಗ್ಲೌಸ್ ಎಲ್ಲ ಸೋಪು ನೀರಿಗೆ ಹಾಕಿ, ಸ್ನಾನ ಮಾಡಿ, ಆಮೇಲೆ ಅಮ್ಮನ ಹತ್ತಿರ ಕೂತು ಮಾತಾಡಿ. ಊಟ ಮಾಡುವಾಗ ಕಿಟಕಿ ಬಾಗಿಲು ತೆರೆದಿರಲಿ. ಮನೆಯಲ್ಲಿ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಪಲ್ಸ್ ಆಕ್ಸಿಮೀಟರ್ ಒಂದು ಇರಲಿ. ತಾಯಂದಿರ ಮಾಮೂಲಿ ಅಂಕಿ ಎಷ್ಟು ಅಂತ ಈಗಲೇ ಬರೆದಿಡಿ, 94ಕ್ಕಿಂತ ಕೆಳಗೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ನಮ್ಮ ಗೆಳೆಯರ ತಾಯಿಗೆ ಉಸಿರಾಟ ಕಷ್ಟ ಅಂತ ಅನಿಸಿಯೇ ಇರಲಿಲ್ಲ, ಒಲೆ ಮುಂದೆ ನಿಂತು ಅಡುಗೆ ಮಾಡುತ್ತಿದ್ದರು. ಬೆರಳಿಗೆ ಹಾಕಿ ನೋಡಿದಾಗ 88 ಇತ್ತು.

ಕೊನೆಗೆ ತಲಕಾವೇರಿ. ಈ ಸಲ, 2020ರಲ್ಲಿ, ಅಧಿಕ ಮಾಸ ಬಂದದ್ದರಿಂದ ನವರಾತ್ರಿ ಶುರುವಾಗುವುದೂ ಅಕ್ಟೋಬರ್ 17ಕ್ಕೆ, ತುಲಾ ಸಂಕ್ರಮಣವೂ ಅದೇ ದಿನ. ಆವತ್ತು ಅಲ್ಲಿಗೆ ಹೋಗಬೇಡಿ ಅಂತಲೇ ನಾನು ಹೇಳುವುದು. ಆಗಸ್ಟ್ ಮೊದಲ ವಾರ ಗಜಗಿರಿ ಬೆಟ್ಟ ಕುಸಿದ ಜಾಗ ಅದು, ಮಣ್ಣು ಇನ್ನೂ ಹಸಿ ಇದೆ, ಅಕ್ಟೋಬರ್‌ನಲ್ಲಿ ಹಿಂಗಾರು ಮಳೆಯೂ ಇರುತ್ತದೆ. ಜೊತೆಗೆ ಜನ ಸೇರುವ ದಿನ. ತೀರ್ಥೋದ್ಭವ ನೋಡದೆ ಮನಸ್ಸು ಕೇಳುವುದಿಲ್ಲ ಅಂತ ನನಗೂ ಗೊತ್ತು, ನಾನೂ ಚಿಕ್ಕಂದಿನಿಂದ ಹೋದವನು. ಆವತ್ತು ಬೆಳಿಗ್ಗೆ ನಿಮ್ಮ ನಾಲ್ಕು ಜನ ಬೇತ್ರಿಗೆ ಬನ್ನಿ, ನಾವು ನಾಲ್ಕು ಜನ ಮಡಿಕೇರಿಯಿಂದ ಇಳಿದು ಬರುತ್ತೇವೆ. ಕಾವೇರಿ ಅಲ್ಲೂ ಹರಿಯುತ್ತಾಳಲ್ವಾ. ನೀವು ಸೇತುವೆಯ ಆ ತುದಿ, ನಾವು ಈ ತುದಿ. ಫ್ಲಾಸ್ಕ್ ಮರೆಯಬೇಡಿ.